ಹಳೇ ವಿಮಾನದ ಸಣ್ಣ ಬಿರುಕು ಯಾರ ಕಣ್ಣಿಗೆ ಬೀಳಬೇಕು?

1988ರ ಏಪ್ರಿಲ್ 28. ಹವಾಯಿಯ ಹಿಲೋ ವಿಮಾನ ನಿಲ್ದಾಣ. ಹೊನೊಲುಲುಗೆ ಹೊರಟಿದ್ದ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ಹತ್ತುವಾಗ ಒಬ್ಬ ಮಹಿಳೆಗೆ ವಿಮಾನದ ಮೈಮೇಲೆ ಒಂದು ಬಿರುಕು ಕಂಡಿತು. ರಿವೆಟ್‌ಗಳ, ಅಂದರೆ ತಗಡುಗಳನ್ನು ಜೋಡಿಸುವ ಮೊಳೆಗಳ, ಸಾಲನ್ನೇ ಹಿಡಿದು ಉದ್ದಕ್ಕೆ ಓಡಿತ್ತು. ಅವರು ಯಾರಿಗೂ ಹೇಳಲಿಲ್ಲ. ಒಳಗೆ ಹೋಗಿ ಕೂತರು. ನಾವಾಗಿದ್ದರೂ ಬಹುಶಃ ಅಷ್ಟೇ ಮಾಡುತ್ತಿದ್ದೆವು. ಇಷ್ಟು ದೊಡ್ಡ ಕಂಪನಿ, ಅವರಿಗೆ ಗೊತ್ತಿರಲ್ವಾ ಅಂತ.

ವಿಮಾನ 24,000 ಅಡಿ ತಲುಪಿದಾಗ ಸುಮಾರು 5.5 ಮೀಟರ್ ಉದ್ದದ ಚಾವಣಿ ಕಿತ್ತು ಹಾರಿಹೋಯಿತು. ಜೊತೆಗೆ ಒಬ್ಬ ಗಗನಸಖಿಯೂ. ಪ್ರಯಾಣಿಕರು ಬೆಲ್ಟ್ ಕಟ್ಟಿಕೊಂಡು ಬಯಲಲ್ಲಿ ಕೂತಂತೆ ಕೂತಿದ್ದರು. ಪೈಲಟ್‌ಗಳು ಸುಮಾರು 13 ನಿಮಿಷದಲ್ಲಿ ಮಾವಿ ದ್ವೀಪದಲ್ಲಿ ಇಳಿಸಿದರು. ಒಟ್ಟು 95 ಜನರಲ್ಲಿ 94 ಮಂದಿ ಬದುಕಿದರು. ಇವತ್ತಿಗೂ ಆ ಫೋಟೋ ನೋಡಿದರೆ, ಇದು ಹೇಗೆ ಇಳಿಯಿತು ಅನ್ನಿಸುತ್ತದೆ.

ನನಗೆ ಈ ಕತೆಯಲ್ಲಿ ಕಾಡುವುದು ಚಾವಣಿಗಿಂತ ಆ ವಿಮಾನದ ಲೆಕ್ಕದ ಪುಸ್ತಕ. ಬೋಯಿಂಗ್ ಅದನ್ನು ರೂಪಿಸುವಾಗ ಇಟ್ಟುಕೊಂಡ ಗುರಿ 20 ವರ್ಷ, 51,000 ಗಂಟೆ, 75,000 ಹಾರಾಟ. ಅಪಘಾತದ ದಿನ ವಿಮಾನಕ್ಕೆ 19 ವರ್ಷ. ಹಾರಿದ್ದು 35,496 ಗಂಟೆ. ವರ್ಷದಲ್ಲೂ ಗಂಟೆಯಲ್ಲೂ ಮಿತಿಯೊಳಗೇ ಇತ್ತು. ಆದರೆ ಹಾರಾಟಗಳ ಸಂಖ್ಯೆ 89,680. ಭಾಗಿಸಿ ನೋಡಿದರೆ ಒಂದೊಂದು ಹಾರಾಟ ಸರಾಸರಿ 24 ನಿಮಿಷದ್ದು. ದ್ವೀಪದಿಂದ ದ್ವೀಪಕ್ಕೆ, ನಮ್ಮ ಸಿಟಿ ಬಸ್ಸಿನ ಹಾಗೆ.

ಅಲ್ಯೂಮಿನಿಯಂಗೆ ಲೆಕ್ಕ ಬರುವುದು ಹೀಗೆಯೇ. ಅದು ವರ್ಷ ಎಣಿಸುವುದಿಲ್ಲ, ಎಷ್ಟು ಸಲ ಎಳೆದಿರಿ ಅಂತ ಎಣಿಸುತ್ತದೆ. ವಿಮಾನ ಮೇಲೇರಿದಾಗ ಹೊರಗಿನ ಗಾಳಿ ತೆಳುವಾಗುತ್ತದೆ, ಒಳಗೆ ನಮಗೆ ಉಸಿರಾಡಲು ಒತ್ತಡ ತುಂಬಿರುತ್ತಾರೆ. 737ರಲ್ಲಿ ಪೂರ್ತಿ ಎತ್ತರದಲ್ಲಿ ಈ ವ್ಯತ್ಯಾಸ ಪ್ರತಿ ಚದರ ಮೀಟರ್‌ಗೆ ಸುಮಾರು 5 ಟನ್ ತೂಕ ಇಟ್ಟಷ್ಟಾಗುತ್ತದೆ. ಅದನ್ನು ತಡೆದು ನಿಲ್ಲುವ ತಗಡಿನ ದಪ್ಪ ಆ ವಿಮಾನದಲ್ಲಿ ಸುಮಾರು 0.9 ಮಿಲಿಮೀಟರ್. ಇಳಿದಾಗ ಒತ್ತಡ ಹೋಗುತ್ತದೆ, ತಗಡು ಸಡಿಲವಾಗುತ್ತದೆ. ಒಂದು ಸಲ ಉಬ್ಬಿ ಒಂದು ಸಲ ಇಳಿದರೆ ಒಂದು ಸೈಕಲ್. ತುಳಿಯುವ ಸೈಕಲ್ ಅಲ್ಲ, ಎಂಜಿನಿಯರುಗಳ ಸೈಕಲ್. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋದರೂ ಒಂದೇ ಸೈಕಲ್, ದುಬೈಗೆ ಹೋದರೂ ಒಂದೇ. ಅದಕ್ಕೇ ಸಣ್ಣ ದೂರ ಹಾರುವ ವಿಮಾನಗಳು ಬೇಗ ಸವೆಯುತ್ತವೆ.

ಈ ವಿಷಯ ಈಗ ಯಾಕೆ ಅಂದರೆ, ಲೋಕದ ವಿಮಾನಗಳಿಗೆ ವಯಸ್ಸಾಗುತ್ತಿದೆ. ಬೋಯಿಂಗ್ ಮತ್ತು ಏರ್‌ಬಸ್ ಹೊಸ ವಿಮಾನಗಳನ್ನು ಹೇಳಿದ ಸಮಯಕ್ಕೆ ಕೊಡುತ್ತಿಲ್ಲ. ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘಟನೆ ಐಯಾಟಾ 2024ರ ಕೊನೆಯಲ್ಲಿ ಕೊಟ್ಟ ಲೆಕ್ಕದ ಪ್ರಕಾರ 17,000 ವಿಮಾನಗಳ ಆರ್ಡರ್ ಬಾಕಿ ಇತ್ತು, ಹಾರುತ್ತಿರುವ ವಿಮಾನಗಳ ಸರಾಸರಿ ವಯಸ್ಸು 14.8 ವರ್ಷಕ್ಕೆ ಏರಿತ್ತು. ಆಗ ಅದೊಂದು ದಾಖಲೆ. ನಿವೃತ್ತಿ ಆಗಬೇಕಿದ್ದವುಗಳನ್ನು ಇನ್ನೂ ಸ್ವಲ್ಪ ದಿನ ಓಡಿಸುತ್ತಿದ್ದಾರೆ. ಹಾಗಂತ ಹಳೇ ವಿಮಾನ ಹತ್ತಬೇಡಿ ಅಂತ ನಾನು ಹೇಳುವುದಿಲ್ಲ. ಹಳೇ ವಿಮಾನದಲ್ಲಿ ಬಿರುಕು ಇದ್ದೇ ಇರುತ್ತದೆ ಅಂತಲೇ ಹಿಡಿದು ಇಡೀ ವ್ಯವಸ್ಥೆ ಕಟ್ಟಿದ್ದಾರೆ. ಬಿರುಕು ದೊಡ್ಡದಾಗುವ ಮೊದಲು ಯಾರಾದರೂ ನೋಡುತ್ತಾರಾ ಅನ್ನುವುದರ ಮೇಲೆ ಎಲ್ಲಾ ನಿಂತಿದೆ.

ಈ ಸವೆತಕ್ಕೆ ಫಟೀಗ್ ಅಂತ ಹೆಸರು, ಕನ್ನಡದಲ್ಲಿ ಲೋಹದ ದಣಿವು. ಹೆಸರು ಸ್ವಲ್ಪ ಮೋಸದ್ದು. ದಣಿದ ಮನುಷ್ಯ ಮಲಗಿ ಎದ್ದರೆ ಸರಿಹೋಗುತ್ತಾನೆ. ಲೋಹಕ್ಕೆ ಆ ಭಾಗ್ಯ ಇಲ್ಲ. ವಿಮಾನ ಆರು ತಿಂಗಳು ಹ್ಯಾಂಗರಿನಲ್ಲಿ ಸುಮ್ನೆ ನಿಂತರೂ ಬಿರುಕು ಒಂದು ಕೂದಲೆಳೆಯಷ್ಟೂ ಮುಚ್ಚಿಕೊಳ್ಳುವುದಿಲ್ಲ.

ಮುರಿಯುವಷ್ಟು ಭಾರ ಹಾಕದಿದ್ದರೂ ಯಾಕೆ ಮುರಿಯುತ್ತದೆ? ಲೋಹದ ಒಳಗೆ ಸಣ್ಣ ಸಣ್ಣ ಹರಳುಗಳಿವೆ. ಎಳೆದಾಗ ಕೆಲವು ಹರಳುಗಳಲ್ಲಿ ಪದರದ ಮೇಲೆ ಪದರ ಕಿಂಚಿತ್ ಜಾರುತ್ತದೆ. ಬಿಟ್ಟಾಗ ವಾಪಸ್ ಬರುತ್ತದೆ, ಆದರೆ ಎಲ್ಲಿತ್ತೋ ಅಲ್ಲಿಗೇ ಅಲ್ಲ. ಸಾವಿರಾರು ಸಲ ಹೀಗಾದ ಮೇಲೆ ಮೇಲ್ಮೈಯಲ್ಲಿ ಒಂದು ಕಚ್ಚು ಬೀಳುತ್ತದೆ. ಅಲ್ಲಿಂದ ಬಿರುಕು ಒಂದೊಂದು ಸೈಕಲ್‌ಗೆ ಒಂದೊಂದು ಹೆಜ್ಜೆ ಮುಂದೆ ಹೋಗುತ್ತದೆ. ಹೊಳೆ ಇಳಿಯುತ್ತಾ ಹೋದಾಗ ದಡದ ಮರಳಲ್ಲಿ ಗೆರೆ ಮೇಲೆ ಗೆರೆ ಉಳಿಯುತ್ತದಲ್ಲ, ಹಾಗೆ ಮುರಿದ ಭಾಗದ ಮೇಲೂ ಗೆರೆಗಳು ಉಳಿಯುತ್ತವೆ. ತನಿಖೆ ಮಾಡುವವರು ಸೂಕ್ಷ್ಮದರ್ಶಕದಲ್ಲಿ ಈ ಗೆರೆಗಳನ್ನು ಎಣಿಸಿ, ಬಿರುಕು ಬೆಳೆಯಲು ಎಷ್ಟು ಹಾರಾಟ ಹಿಡಿಯಿತು ಅಂತ ಹಿಂದಕ್ಕೆ ಲೆಕ್ಕ ಹಾಕುತ್ತಾರೆ.

ಉಕ್ಕಿಗೆ ಒಂದು ಅನುಕೂಲ ಇದೆ. ಒಂದು ಮಟ್ಟಕ್ಕಿಂತ ಕಡಿಮೆ ಎಳೆತ ಇದ್ದರೆ, ಸಾಮಾನ್ಯ ಬಳಕೆಯಲ್ಲಿ ಅದು ದಣಿದು ಮುರಿಯುವುದಿಲ್ಲ ಅಂತಲೇ ಹೇಳಬಹುದು. ಆ ಮಟ್ಟ ಅದರ ಪೂರ್ತಿ ಶಕ್ತಿಯ ಸುಮಾರು ಅರ್ಧ. 19ನೇ ಶತಮಾನದಲ್ಲಿ ಜರ್ಮನಿಯ ಆಗಸ್ಟ್ ವ್ಯೋಲರ್ ರೈಲಿನ ಗಾಲಿಯ ಅಚ್ಚುಗಳನ್ನು ತಿರುಗಿಸಿ ತಿರುಗಿಸಿ ಇದನ್ನು ಕಂಡುಕೊಂಡರು. ಅಲ್ಯೂಮಿನಿಯಂಗೆ ಅಂಥ ಅಭಯ ಇಲ್ಲ. ಎಳೆತ ಎಷ್ಟೇ ಸಣ್ಣದಿರಲಿ, ಸಾಕಷ್ಟು ಸಲ ಎಳೆದರೆ ಎಂದಾದರೊಂದು ದಿನ ಬಿಟ್ಟುಕೊಡುತ್ತದೆ. ಅದಕ್ಕೆ ಕೈಪಿಡಿಗಳಲ್ಲಿ 50 ಕೋಟಿ ಸೈಕಲ್‌ಗೆ ಇಷ್ಟು ತಡೆಯುತ್ತದೆ ಅಂತ ಒಂದು ಗಡಿ ಹಾಕಿ ಬರೆದುಬಿಡುತ್ತಾರೆ.

ಅಂಕಿ ನೋಡಿದರೆ ಇನ್ನೊಂದು ಸ್ವಾರಸ್ಯ ಕಾಣುತ್ತದೆ. ವಿಮಾನದಲ್ಲಿ ಹೆಚ್ಚು ಬಳಸುವ ಎರಡು ಮಿಶ್ರಲೋಹಗಳು 2024 ಮತ್ತು 7075. ಇವು ವರ್ಷಗಳಲ್ಲ, ಲೋಹದ ಹೆಸರುಗಳು. ಮೊದಲನೆಯದರಲ್ಲಿ ತಾಮ್ರ ಮುಖ್ಯ, ಎರಡನೆಯದರಲ್ಲಿ ಸತು. ಒಂದೇ ಸಲ ಎಳೆದು ಮುರಿಯುವುದಾದರೆ 2024 ಸುಮಾರು 480 ಮೆಗಾಪಾಸ್ಕಲ್ (ಎಳೆತದ ಅಳತೆ) ತಡೆಯುತ್ತದೆ, 7075 ಸುಮಾರು 570. 50 ಕೋಟಿ ಸಲ ಎಳೆಯುವುದಾದರೆ? ಸುಮಾರು 140 ಮತ್ತು 160. ಗಟ್ಟಿತನದಲ್ಲಿ ಇದ್ದ ಅಂತರ ದಣಿವಿನ ಪರೀಕ್ಷೆಯಲ್ಲಿ ಬಹುಪಾಲು ಕರಗಿಹೋಯಿತು. ಜೊತೆಗೆ ಬಿರುಕು ಒಮ್ಮೆ ಹುಟ್ಟಿದರೆ 7075ರಲ್ಲಿ ಜಾಸ್ತಿ ವೇಗವಾಗಿ ಓಡುತ್ತದೆ. ಅದಕ್ಕೇ ರೆಕ್ಕೆಯ ಮೇಲಿನ ತಗಡಿಗೆ 7075ರ ಜಾತಿಯದು, ಕೆಳಗಿನ ತಗಡಿಗೆ 2024ರ ಜಾತಿಯದು ಹಾಕುವ ರೂಢಿ ಬಂತು. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗುತ್ತದೆ. ಮೇಲಿನ ತಗಡು ಒತ್ತಿಕೊಳ್ಳುತ್ತದೆ, ಕೆಳಗಿನದು ಎಳೆದುಕೊಳ್ಳುತ್ತದೆ. ಬಿರುಕಿಗೆ ಬೇಕಾದ್ದು ಎಳೆತ.

ಇದೆಲ್ಲಾ ಆಕಾಶದ ಮಾತು ಅನ್ನಿಸಿದರೆ ನಿಮ್ಮ ಕಾರಿನ ಅಲಾಯ್ ವೀಲ್ ನೋಡಿ. ಹೋದ ವರ್ಷ ನನ್ನ ಕಾರಿನ ಒಂದು ಟೈರ್ ವಾರಕ್ಕೊಮ್ಮೆ ಗಾಳಿ ಕಳೆದುಕೊಳ್ಳುತ್ತಿತ್ತು. ಪಂಕ್ಚರ್ ಅಂಗಡಿಯವನು ನೀರಿನ ತೊಟ್ಟಿಯಲ್ಲಿ ಅದ್ದಿದ. ಗುಳ್ಳೆ ಬಂದದ್ದು ಟೈರಿನಿಂದಲ್ಲ, ರಿಮ್ಮಿನ ಒಳ ಅಂಚಿನಿಂದ. ಕೂದಲಿನಷ್ಟು ತೆಳು ಬಿರುಕು. "ವೆಲ್ಡ್ ಹೊಡೆಸಿಬಿಡಿ ಸಾರ್, ಹೊಸದು ಯಾಕೆ" ಅಂದ. ಚಕ್ರ ಒಂದು ಸುತ್ತು ಹಾಕಿದರೆ ಸುಮಾರು 2 ಮೀಟರ್. ಕಿಲೋಮೀಟರಿಗೆ 500 ಸುತ್ತು, 50,000 ಕಿಲೋಮೀಟರಿಗೆ 2.5 ಕೋಟಿ. ಪ್ರತಿ ಸುತ್ತಿಗೂ ಅದೇ ಜಾಗ ಒಮ್ಮೆ ಕಾರಿನ ಭಾರ ಹೊರುತ್ತದೆ. ಮೇಲೆ ನಮ್ಮ ರಸ್ತೆಗುಂಡಿಗಳ ಪೆಟ್ಟು ಬೇರೆ. ಎರಕ ಹೊಯ್ದ ಚಕ್ರದಲ್ಲಿ ಸಣ್ಣ ಸಣ್ಣ ಗಾಳಿಗುಳ್ಳೆ ಉಳಿದಿರುತ್ತವೆ, ಬಿರುಕು ಅಲ್ಲೇ ಬೇರು ಬಿಡುತ್ತದೆ. ಇಂಥ ಚಕ್ರಗಳಿಗೆ ಸಾಮಾನ್ಯವಾಗಿ ಕಾಯಿಸಿ ತಣಿಸಿ ಹದ ಕೊಟ್ಟಿರುತ್ತಾರೆ. ವೆಲ್ಡ್ ಮಾಡಿದರೆ ಸುತ್ತಲಿನ ಆ ಹದ ಕೆಡುತ್ತದೆ. ಮುಚ್ಚಿದ ಬಿರುಕಿನ ಪಕ್ಕವೇ ಮೆತ್ತಗಾದ ಲೋಹ. ನಾನು ಹೊಸ ಚಕ್ರ ಹಾಕಿಸಿದೆ. ದುಡ್ಡು ಜಾಸ್ತಿಯೇ ಆಯಿತು.

ವಿಮಾನದ ಕತೆಗೆ ವಾಪಸ್ ಬರೋಣ. ಕಾಮೆಟ್ ಬಗ್ಗೆ ಕೇಳಿರುತ್ತೀರಿ. ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪನಿಯ ಈ ವಿಮಾನ ಲೋಕದ ಮೊದಲ ಜೆಟ್ ಪ್ರಯಾಣಿಕ ವಿಮಾನ. 1954ರ ಜನವರಿ 10ರಂದು ಒಂದು ಎಲ್ಬಾ ದ್ವೀಪದ ಹತ್ತಿರ ಆಕಾಶದಲ್ಲೇ ಒಡೆದು ಬಿತ್ತು. ಏಪ್ರಿಲ್ 8ರಂದು ಇನ್ನೊಂದು ನೇಪಲ್ಸ್ ಹತ್ತಿರ. ಎರಡರಲ್ಲಿ ಸತ್ತವರು 56 ಮಂದಿ. ಚೌಕ ಕಿಟಕಿ ಇಟ್ಟಿದ್ದರಿಂದ ಮೂಲೆಯಲ್ಲಿ ಬಿರುಕು ಬಂತು ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಸಮುದ್ರದಿಂದ ಎತ್ತಿದ ಎಲ್ಬಾ ವಿಮಾನದಲ್ಲಿ ಸೀಳು ಶುರುವಾಗಿದ್ದು ಪ್ರಯಾಣಿಕರ ಕಿಟಕಿಯಲ್ಲಲ್ಲ, ಚಾವಣಿಯಲ್ಲಿ ಆಂಟೆನಾಗೆ ಅಂತ ಕೊರೆದಿದ್ದ ಕಿಂಡಿಯ ಹತ್ತಿರ.

ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಕಂಪನಿ ಮೊದಲೇ ಪರೀಕ್ಷೆ ಮಾಡಿತ್ತು. ವಿಮಾನದ ಮೈಯ ಒಂದು ಭಾಗ 16,000 ಸೈಕಲ್ ತಡೆದುಕೊಂಡಿತ್ತು. ಎಲ್ಬಾ ವಿಮಾನ ಬಿದ್ದದ್ದು 1,290ನೇ ಹಾರಾಟದ ಹೊತ್ತಿಗೆ, ನೇಪಲ್ಸ್‌ನದು ಸುಮಾರು 900ಕ್ಕೆ. ಇಷ್ಟು ವ್ಯತ್ಯಾಸ ಹೇಗೆ? ಪರೀಕ್ಷೆಗೆ ಇಟ್ಟ ಭಾಗಕ್ಕೆ ಅದಕ್ಕೂ ಮೊದಲು ಎರಡು ಪಟ್ಟು ಒತ್ತಡ ತುಂಬಿ ಗಟ್ಟಿತನ ನೋಡಿದ್ದರು. ಆಗ ತೂತುಗಳ ಸುತ್ತ ಲೋಹ ಸ್ವಲ್ಪ ಹಿಗ್ಗಿತು. ಒತ್ತಡ ತೆಗೆದಾಗ ಸುತ್ತಲಿನ ಲೋಹ ಅದನ್ನು ಅಮುಕಿ ಹಿಡಿಯಿತು. ಅಮುಕಿದ ಜಾಗದಲ್ಲಿ ಬಿರುಕು ಸುಲಭಕ್ಕೆ ಬೆಳೆಯುವುದಿಲ್ಲ. ಅಂದರೆ ಒಂದು ಪರೀಕ್ಷೆ ಇನ್ನೊಂದನ್ನು ಕೆಡಿಸಿತು. ಪರೀಕ್ಷೆ ಮಾಡದಿದ್ದವರಿಗಿಂತ ಪರೀಕ್ಷೆ ಮಾಡಿ ಧೈರ್ಯವಾಗಿದ್ದವರೇ ಮೋಸ ಹೋದರು. ಅಪಘಾತದ ನಂತರ ಬ್ರಿಟನ್ನಿನ ಫಾರ್ನ್‌ಬರೋದಲ್ಲಿ ಇನ್ನೊಂದು ಕಾಮೆಟ್‌ನ ಇಡೀ ಮೈಯನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಒತ್ತಡ ಕೊಟ್ಟು ತೆಗೆದು ನೋಡಿದರು. ಹಾರಿದ್ದೂ ತೊಟ್ಟಿಯಲ್ಲಿ ಕೊಟ್ಟದ್ದೂ ಸೇರಿ 3,057 ಸೈಕಲ್‌ಗೆ ಸೀಳಿತು.

ಅದೇ ಅಮುಕುವ ಗುಣವನ್ನು ಈಗ ಬೇಕೆಂದೇ ಬಳಸುತ್ತಾರೆ. ರಿವೆಟ್ ತೂತಿನೊಳಗೆ ಸ್ವಲ್ಪ ದಪ್ಪನೆಯ ಸರಳು ಎಳೆದು ಹೊರತೆಗೆದರೆ ತೂತಿನ ಸುತ್ತ ಲೋಹ ಅಮುಕಿಕೊಂಡು ನಿಲ್ಲುತ್ತದೆ. ಆಯುಷ್ಯ ಹಲವು ಪಟ್ಟು ಹೆಚ್ಚುತ್ತದೆ. ಕಾಮೆಟ್‌ಗೆ ಮುಳುವಾದದ್ದು ಇಂದಿನ ವಿಮಾನಕ್ಕೆ ಔಷಧಿ.

ಅಲೋಹಾ ವಿಮಾನದಲ್ಲಿ ಆಗಿದ್ದು ಬೇರೆ ರೀತಿ. ತಗಡಿನ ಮೇಲೆ ತಗಡು ಇಟ್ಟು ಅಂಟು ಹಚ್ಚಿ ರಿವೆಟ್ ಹೊಡೆದಿದ್ದರು. ಆರಂಭದ 737ಗಳಲ್ಲಿ ಬಳಸಿದ ಆ ಅಂಟು ಸರಿಯಾಗಿ ಹಿಡಿಯಲಿಲ್ಲ. ಸಮುದ್ರದ ಉಪ್ಪು ತೇವ ಒಳಗೆ ಹೋಗಿ ತುಕ್ಕು ಹಿಡಿಸಿತು. ಅಂಟು ಬಿಟ್ಟಾಗ ಭಾರವೆಲ್ಲಾ ರಿವೆಟ್ ತೂತುಗಳ ಮೇಲೆ ಬಿತ್ತು. ರಿವೆಟ್ ತಲೆ ಹೊರಗೆ ಚಾಚಬಾರದು ಅಂತ ತೂತನ್ನು ಬಟ್ಟಲಿನ ಹಾಗೆ ಕೊರೆದಿದ್ದರು. ತಗಡು ತೆಳು, ಹಾಗಾಗಿ ಬಟ್ಟಲಿನ ತಳ ಚಾಕುವಿನ ಅಂಚಿನಷ್ಟು ಚೂಪಾಗಿತ್ತು. ಒಂದಲ್ಲ, ಸಾಲಿನ ಹಲವು ತೂತುಗಳಲ್ಲಿ ಸಣ್ಣ ಸಣ್ಣ ಬಿರುಕು. ಒಂದೊಂದೂ ಬಿಡಿಯಾಗಿ ಅಪಾಯವಲ್ಲ. ಒಂದು ದಿನ ಅವು ಒಂದನ್ನೊಂದು ಕೂಡಿಕೊಂಡವು. ಒಂದು ಕಡೆ ಬಿರುಕು ಬಂದರೆ ಅಲ್ಲಿಗೇ ನಿಲ್ಲುತ್ತದೆ ಅಂತ ಎಂಜಿನಿಯರುಗಳು ನಂಬಿದ್ದರು, ಆ ನಂಬಿಕೆ ಅಲ್ಲಿ ಮುರಿಯಿತು. ಇನ್ನೊಂದು ಮಾತನ್ನೂ ತನಿಖಾ ವರದಿ ಹೇಳಿತು. ತಪಾಸಣೆ ನಡೆಯುತ್ತಿದ್ದದ್ದು ರಾತ್ರಿ ಹೊತ್ತು. ಬೆಳಗಾದರೆ ವಿಮಾನ ಮತ್ತೆ ಹಾರಬೇಕು. ನೂರಾರು ರಿವೆಟ್, ಒಂದು ಟಾರ್ಚ್, ನಿದ್ದೆಗಣ್ಣು.

ಕೆಟ್ಟ ರಿಪೇರಿ ಅಂದರೆ ಜಪಾನಿನ 1985ರ ದುರಂತ. 1978ರಲ್ಲಿ ಒಂದು ಬೋಯಿಂಗ್ 747ರ ಬಾಲ ರನ್‌ವೇಗೆ ತಾಗಿತ್ತು. ಹಿಂಭಾಗದಲ್ಲಿ ಒಳಗಿನ ಒತ್ತಡ ತಡೆಯುವ ಗೋಡೆಗೆ ತೇಪೆ ಹಾಕಿದರು. ಎರಡು ಸಾಲು ರಿವೆಟ್ ಹೊರಬೇಕಿದ್ದ ಭಾರವನ್ನು ಒಂದೇ ಸಾಲು ಹೊರುವಂತಾಯಿತು. ಏಳು ವರ್ಷ, 12,000ಕ್ಕೂ ಹೆಚ್ಚು ಹಾರಾಟ, ಏನೂ ಆಗಲಿಲ್ಲ. ಆಮೇಲೆ ಒಂದೇ ಸಂಜೆ 520 ಜನ.

ಇನ್ನು ಇತ್ತೀಚಿನದು. 2010ರ ನವೆಂಬರ್ 4ರಂದು ಕ್ವಾಂಟಾಸ್ ಕಂಪನಿಯ ಏರ್‌ಬಸ್ ಎ380ರ ಎಂಜಿನ್ ಸಿಂಗಪುರದಿಂದ ಹೊರಟ ಸ್ವಲ್ಪ ಹೊತ್ತಿಗೇ ಸಿಡಿಯಿತು. ಚೂರುಗಳು ರೆಕ್ಕೆಯನ್ನು ತೂರಿಕೊಂಡು ಹೋದವು. ರೆಕ್ಕೆ ಬಿಚ್ಚಿ ರಿಪೇರಿ ಮಾಡುವಾಗ ಬೇರೆಯದೇ ಒಂದು ಕಂಡಿತು. ರೆಕ್ಕೆಯ ಒಳಗಿನ ಪಕ್ಕೆಲುಬುಗಳನ್ನು ತಗಡಿಗೆ ಹಿಡಿಸುವ ಸಣ್ಣ ಅಲ್ಯೂಮಿನಿಯಂ ಬ್ರಾಕೆಟ್‌ಗಳಲ್ಲಿ ಕೂದಲೆಳೆ ಬಿರುಕು. ಎಂಜಿನ್ ಸಿಡಿತಕ್ಕೂ ಅದಕ್ಕೂ ಸಂಬಂಧವಿಲ್ಲ. ಬೇರೆ ವಿಮಾನಗಳಲ್ಲಿ ನೋಡಿದರೆ ಅಲ್ಲೂ ಇದೆ. 2012ರ ಜನವರಿಯಲ್ಲಿ ಯುರೋಪಿನ ವಿಮಾನ ಸುರಕ್ಷಾ ಸಂಸ್ಥೆ ತಪಾಸಣೆಗೆ ಆದೇಶ ಕೊಟ್ಟಿತು. ಆರಿಸಿಕೊಂಡ ಮಿಶ್ರಲೋಹ, ಜೋಡಿಸುವಾಗ ಎಳೆದು ಕೂರಿಸಿದ್ದು, ಎರಡೂ ಸೇರಿ ಹೊಸ ವಿಮಾನದಲ್ಲೇ ಬಿರುಕು ಬಿಟ್ಟಿತ್ತು.

2019ರಲ್ಲೂ ಇದೇ ಆಯಿತು. ಒಂದು ಹಳೇ 737 ಎನ್‌ಜಿಯನ್ನು ಸರಕು ವಿಮಾನವಾಗಿ ಬದಲಾಯಿಸುತ್ತಿದ್ದರು. ಹಾಗೆ ಬಿಚ್ಚಿದಾಗ ರೆಕ್ಕೆಯನ್ನು ಮೈಗೆ ಹಿಡಿಸುವ, ಪಿಕಲ್ ಫೋರ್ಕ್ ಅಂತ ಕರೆಯುವ ಕವಲಿನಲ್ಲಿ ಬಿರುಕು ಸಿಕ್ಕಿತು. ವಿಮಾನ ಇರುವಷ್ಟು ಕಾಲ, ಅಂದರೆ 90,000 ಹಾರಾಟ, ಅದನ್ನು ಮುಟ್ಟಬೇಕಾಗಿಲ್ಲ ಅಂದುಕೊಂಡಿದ್ದರು. ಅಮೆರಿಕ ಸರ್ಕಾರ 30,000 ಹಾರಾಟ ದಾಟಿದ ವಿಮಾನಗಳನ್ನು ಏಳೇ ದಿನದಲ್ಲಿ ನೋಡಿ ಅಂದಿತು. 22,600 ದಾಟಿದವಕ್ಕೂ ಸರದಿ ಬಂತು.

ಎರಡೂ ಸಲ ಬಿರುಕು ಸಿಕ್ಕಿದ್ದು ಯಾರೋ ಬೇರೆ ಕೆಲಸಕ್ಕೆ ಬಿಚ್ಚಿದಾಗ. ಇದು ನನಗೆ ಸಮಾಧಾನ ಕೊಡುವ ವಿಷಯ ಅಲ್ಲ. ವ್ಯವಸ್ಥೆ ಹೇಳುವುದು ಹೀಗೆ: ಬಿರುಕು ಕಣ್ಣಿಗೆ ಕಾಣುವಷ್ಟಾಗಲು ಇಷ್ಟು ಹಾರಾಟ, ಅಪಾಯದ ಮಟ್ಟಕ್ಕೆ ಬೆಳೆಯಲು ಇಷ್ಟು ಹಾರಾಟ. ಈ ಎರಡರ ನಡುವೆ ಕನಿಷ್ಠ ಎರಡು ಸಲವಾದರೂ ತಪಾಸಣೆ ಬೀಳಬೇಕು. ಒಮ್ಮೆ ತಪ್ಪಿದರೂ ಇನ್ನೊಮ್ಮೆ ಸಿಗುತ್ತದೆ. ಲೆಕ್ಕ ಚೆನ್ನಾಗಿದೆ. ಆದರೆ ಎಲ್ಲಿ ನೋಡಬೇಕು ಅಂತ ಗೊತ್ತಿದ್ದರೆ ಮಾತ್ರ ನಡೆಯುತ್ತದೆ. ಎಳೆತ ನಾವು ಅಂದುಕೊಂಡಿದ್ದಕ್ಕಿಂತ ಎರಡು ಪಟ್ಟಾಗಿದ್ದರೆ ಬಿರುಕಿನ ವೇಗ ಎರಡು ಪಟ್ಟಾಗುವುದಿಲ್ಲ, ಎಂಟರಿಂದ ಹದಿನಾರು ಪಟ್ಟಾಗುತ್ತದೆ. ಆಗ ಎರಡನೇ ತಪಾಸಣೆಯ ದಿನ ಬರುವಷ್ಟರಲ್ಲಿ ಕತೆ ಮುಗಿದಿರುತ್ತದೆ.

ಗೊತ್ತಿದ್ದ ಜಾಗದಲ್ಲೂ ಕಣ್ತಪ್ಪುತ್ತದೆ. 2018ರ ಏಪ್ರಿಲ್ 17ರಂದು ಅಮೆರಿಕದ ಸೌತ್‌ವೆಸ್ಟ್ ಕಂಪನಿಯ ವಿಮಾನದ ಎಂಜಿನ್ನಿನ ಒಂದು ಟೈಟಾನಿಯಂ ಬ್ಲೇಡ್ ಬುಡದಲ್ಲಿ ಮುರಿಯಿತು. ಒಬ್ಬ ಪ್ರಯಾಣಿಕರು ಸತ್ತರು. ಆ ಬ್ಲೇಡ್ 32,636 ಸೈಕಲ್ ಕಂಡಿತ್ತು. 2012ರಲ್ಲಿ ಅದನ್ನು ಕಳಚಿ, ಹೊಳೆಯುವ ಬಣ್ಣ ಹಚ್ಚಿ ಬಿರುಕು ಹುಡುಕಿದ್ದರು. ಆಗಲೇ ಬಿರುಕು ಇದ್ದಿರಬೇಕು, ಕಾಣಲಿಲ್ಲ ಅಂತ ತನಿಖೆ ಹೇಳಿತು. ಆಮೇಲೆ ಶಬ್ದದ ಅಲೆ ಮತ್ತು ವಿದ್ಯುತ್ ಸುಳಿ ಬಳಸುವ ಪರೀಕ್ಷೆಗಳಿಗೆ ಹೋದರು.

ಈ ನೋಡುವ ವಿದ್ಯೆಗೆ ಬೆಂಗಳೂರಿನಲ್ಲಿ ಹಳೇ ನೆಲೆ ಇದೆ. ಎಚ್ಎಎಲ್ ಹತ್ತಿರದ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ನಲ್ಲಿ, ಜನ ಎನ್ಎಎಲ್ ಅನ್ನುತ್ತಾರೆ, ವಿಮಾನದ ಭಾಗಗಳನ್ನು ಲಕ್ಷಾಂತರ ಸಲ ಎಳೆದು ನೋಡುವ ಯಂತ್ರಗಳೂ ಇವೆ, ಮುರಿದ ಚೂರು ನೋಡಿ ಯಾಕೆ ಮುರಿಯಿತು ಅಂತ ಹೇಳುವವರೂ ಇದ್ದಾರೆ. 1965ರಿಂದ ಸುಮಾರು ಎರಡು ದಶಕ ಅದರ ನಿರ್ದೇಶಕರಾಗಿದ್ದ ಎಸ್. ಆರ್. ವಲ್ಲೂರಿ ಸ್ವತಃ ಲೋಹದ ದಣಿವಿನ ಮೇಲೆ ಕೆಲಸ ಮಾಡಿದವರು.

ಲೋಹವನ್ನೇ ಬದಲಾಯಿಸಿದರೆ? ಬೋಯಿಂಗ್ 787ರ ತೂಕದ ಅರ್ಧದಷ್ಟು ಕಾರ್ಬನ್ ನಾರಿನ ಸಂಯುಕ್ತ. ಅದಕ್ಕೆ ಈ ಉಬ್ಬಿ ಇಳಿಯುವ ದಣಿವು ಅಷ್ಟಾಗಿ ತಟ್ಟುವುದಿಲ್ಲ. ಹಾಗಾಗಿ ಒಳಗೆ ಒತ್ತಡ ಜಾಸ್ತಿ ಇಡಬಹುದು. ಸಾಮಾನ್ಯ ವಿಮಾನದಲ್ಲಿ ನಿಮ್ಮ ಕಿವಿಗೆ 8,000 ಅಡಿ ಬೆಟ್ಟದ ಮೇಲೆ ಇದ್ದಂತೆ ಅನ್ನಿಸಿದರೆ, ಅಲ್ಲಿ 6,000 ಅಡಿ. ನಮ್ಮ ತೇಜಸ್‌ನ ಹೊರಮೈ ಬಹುಪಾಲು ಅದೇ ಬಗೆಯದು. ಆದರೆ ಅದು ಪೆಟ್ಟು ತಿಂದರೆ ಒಳಗೆ ಪದರ ಬಿಟ್ಟರೂ ಹೊರಗೆ ಗೊತ್ತಾಗುವುದಿಲ್ಲ, ಅದರ ಪಾಡು ಬೇರೆ. ಅಲ್ಯೂಮಿನಿಯಂ ಕಡೆಯಿಂದಲೂ ಒಂದು ಸುದ್ದಿ ಇದೆ. 2020ರಲ್ಲಿ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು, ಗಟ್ಟಿ ಅಲ್ಯೂಮಿನಿಯಂ ಒಳಗಿನ ದುರ್ಬಲ ಪಟ್ಟಿಗಳನ್ನು ಮೊದಲ ಕೆಲವು ಎಳೆತಗಳೇ ಗಟ್ಟಿ ಮಾಡುವಂತೆ ಹದ ಹಿಡಿದು, ಆಯುಷ್ಯವನ್ನು 25 ಪಟ್ಟು ಹೆಚ್ಚಿಸಿದರು. ಲ್ಯಾಬಿನಲ್ಲಿ. ರೆಕ್ಕೆಗೆ ಬರಲು ಇನ್ನೂ ಕಾಲ ಬೇಕು.

ಅಲ್ಲಿಯವರೆಗೆ ಎಲ್ಲವೂ ಎಣಿಕೆ. 2010ರಲ್ಲಿ ಅಮೆರಿಕ ತಂದ ನಿಯಮದ ಪ್ರಕಾರ, ದೊಡ್ಡ ಪ್ರಯಾಣಿಕ ವಿಮಾನದ ಪ್ರತಿ ಮಾದರಿಗೂ ಇಷ್ಟು ಹಾರಾಟ ಅಥವಾ ಇಷ್ಟು ಗಂಟೆ ಅಂತ ಮಿತಿ ಹೇಳಲೇಬೇಕು. ಅದು ದಾಟಿದರೆ ವಿಮಾನ ಎಷ್ಟೇ ಚೆನ್ನಾಗಿ ಕಂಡರೂ ನಿಲ್ಲಿಸಬೇಕು. ಎಂಜಿನ್ನಿನ ಮುಖ್ಯ ಭಾಗಗಳಿಗೂ ಬೇರೆ ಬೇರೆ ಎಣಿಕೆ. ಎಣಿಕೆ ಇರುವುದು ಕಾಗದದಲ್ಲಿ. ಕಾಗದ ಸುಳ್ಳಾದರೆ?

2023ರಲ್ಲಿ ಅದೂ ಆಯಿತು. ಲಂಡನ್ನಿನ ಎಒಜಿ ಟೆಕ್ನಿಕ್ಸ್ ಅನ್ನುವ ಸಣ್ಣ ಕಂಪನಿ ಸಿಎಫ್ಎಂ56 ಎಂಜಿನ್ನಿನ ಸಾವಿರಾರು ಬಿಡಿಭಾಗಗಳನ್ನು ನಕಲಿ ದಾಖಲೆ ಇಟ್ಟು ಮಾರಿದ್ದು ಬಯಲಾಯಿತು. ಲೋಕದ ಎಷ್ಟೋ ವಿಮಾನಗಳನ್ನು ಓಡಿಸುವ ಎಂಜಿನ್ ಅದು. ಹಲವು ದೊಡ್ಡ ಕಂಪನಿಗಳು ವಿಮಾನ ನಿಲ್ಲಿಸಿ ಹುಡುಕಬೇಕಾಯಿತು. ಇದು ಗೊತ್ತಾದದ್ದು ಯಾವ ಯಂತ್ರದಿಂದಲೂ ಅಲ್ಲ. ಪೋರ್ಚುಗಲ್‌ನ ಟ್ಯಾಪ್ ವಿಮಾನ ಕಂಪನಿಯ ರಿಪೇರಿ ವಿಭಾಗದಲ್ಲಿ, ಹೊಸದು ಅಂತ ಬರೆದಿದ್ದ ಒಂದು ಭಾಗ ಸವೆದಂತೆ ಕಂಡಿತು. ಅವರು ಎಂಜಿನ್ ಮಾಡಿದವರನ್ನು ಕೇಳಿದರು, ಈ ಕಾಗದ ನಿಮ್ಮದೇನಾ ಅಂತ.